ಎಳ್ಳ ಅಮಾವಾಸ್ಯೆಗೆ ಕುರನೂರ ದಾರಿ ಹಿಡಿದ ಒಂಬತ್ತು ಸೈಕಲ್ಲು

ಸೊಲ್ಲಾಪುರ ಬಿಟ್ಟಾಗ ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ದೂರದ ಸಮುದ್ರದಲ್ಲಿ ಗಾಳಿ ಎದ್ದು ಅದರ ಬಾಲ ನಮ್ಮ ಜಿಲ್ಲೆಯ ಮೇಲೆ ಬಿದ್ದಿದೆ ಎಂದು ಟಿ.ವಿ.ಯವರು ಹೇಳುತ್ತಿದ್ದರು. ಕೆಲವು ದಿನಗಳಿಂದ ಮೋಡ ಕವಿದು, ಜಿನುಗಿ, ನಿಂತು, ಮತ್ತೆ ಜಿನುಗಿ, ಮಾರ್ಗಶಿರದ ಚಳಿಗೆ ಶ್ರಾವಣದ ಮುಖ ಬಂದಿತ್ತು. ಸ್ವೆಟರ್ ಹಾಕಬೇಕೋ ರೇನ್‌ಕೋಟ್ ಹಾಕಬೇಕೋ ತಿಳಿಯದೆ ಕೆಲವರು ಎರಡನ್ನೂ ಹಾಕಿಕೊಂಡು ಬಂದಿದ್ದರು. ಅಕ್ಕಲಕೋಟದ ರಸ್ತೆ ಒಡೆಯುವಲ್ಲಿ ಒಂಬತ್ತು ಸೈಕಲ್ಲು ಸಾಲಾಗಿ ನಿಂತವು. ಒಂಬತ್ತೂ ಹೆಂಗಸರವು. ಮುಂದಿನದು ನನ್ನದು.

ನಮ್ಮದು ದೊಡ್ಡ ಸಂಘವಲ್ಲ. ಬೆಳಿಗ್ಗೆ ಕೆರೆಯ ಸುತ್ತ ಸೈಕಲ್ ಹೊಡೆಯುವ ಗುಂಪು. ಹೆಚ್ಚಿನವರು ವ್ಯಾಪಾರಸ್ಥರ ಮನೆಯವರು, ಅರಿವೆ ಅಂಗಡಿ, ಕಾಳಿನ ಅಡತಿ, ಪಾತ್ರೆ ಅಂಗಡಿ. ಡಾಕ್ಟರು ಶುಗರ್ ಎಂದ ಮೇಲೆ ಸೈಕಲ್ ಹತ್ತಿದವರು. ನಾನೊಬ್ಬಳು ಕನ್ನಡ ಶಾಲೆಯ ಶಿಕ್ಷಕಿ. ನಮ್ಮ ಮನೆತನದಲ್ಲಿ ಬಿ.ಎ. ಪಾಸಾದ ಮೊದಲನೆಯವಳು ನಾನು. ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದರು, ಅವ್ವನಿಗೆ ಅದನ್ನು ಒತ್ತುವ ಪ್ರಸಂಗವೂ ಬರಲಿಲ್ಲ. ಬಸ್ ಪಾಸಿಗೆ ಹಣವಿಲ್ಲದ ತಿಂಗಳುಗಳಲ್ಲಿ ವಳಸಂಗದಿಂದ ಸೊಲ್ಲಾಪುರದ ಕಾಲೇಜಿಗೆ ಅಪ್ಪನ ಸೈಕಲ್ ಮೇಲೆಯೇ ಹೋಗಿಬಂದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಈ ದಾರಿ ಬಾಯಾರಿಗೆ ಗೊತ್ತು ಎಂದು ಗುಂಪಿನವರು ಮುಂದಾಳ್ತನ ಕೊಟ್ಟಾಗ ನಾನೂ ಬೇಡ ಎನ್ನಲಿಲ್ಲ. ನಮ್ಮ ಕಡೆ ಶಿಕ್ಷಕಿಗೆ ಬಾಯಿ, ಬಾಯಾರು ಎನ್ನುತ್ತಾರೆ. ಗುಂಪಿನಲ್ಲಿ ನನ್ನ ಹೆಸರು ಹಿಡಿದು ಕರೆಯುವವರಿಲ್ಲ.

ಮೊದಲ ದಿನ ಕುಂಭಾರಿ, ವಳಸಂಗದ ಮೇಲೆ ಅಕ್ಕಲಕೋಟ, ಅಂದಾಜು ನಲವತ್ತು ಕಿಲೋಮೀಟರ್. ರಾತ್ರಿ ಅಲ್ಲಿ ವಸ್ತಿ. ಮರುದಿನ ಕುರನೂರಿನ ಡ್ಯಾಮ್ ನೋಡಿಕೊಂಡು, ಒಳದಾರಿಯಿಂದ ಬೋರಾಮಣಿಗೆ ಬಂದು, ಹೈದರಾಬಾದ್ ಹೆದ್ದಾರಿ ಹಿಡಿದು ಮನೆ. ನಾನು ಭಾನುವಾರ ಎಂದಿದ್ದೆ. ಆದರೆ ಅಡತಿ ಅಂಗಡಿಯ ಮಹಾದೇವಕ್ಕ, ಐವತ್ತರ ಆಸುಪಾಸಿನವರು, ಯಾವತ್ತೂ ಹಟ ಮಾಡದವರು, ಎಳ್ಳ ಅಮಾವಾಸ್ಯೆಯ ಮುನ್ನಾದಿನವೇ ಹೊರಡಬೇಕು ಎಂದು ಕುಳಿತರು. ಅಮಾವಾಸ್ಯೆಗೆ ಹೆಣ್ಣುಮಕ್ಕಳು ಊರು ಬಿಡುವುದೆಂದರೇನು ಎಂದು ಎಲ್ಲರ ಮನೆಯಲ್ಲೂ ತಕರಾರು ಎದ್ದಿತು. ಊರು ಬಿಡಬಾರದು ನಿಜ, ಊರಿಗೆ ಮರಳಿ ಬರಬಾರದು ಎಂದು ಎಲ್ಲಿಯೂ ಹೇಳಿಲ್ಲವಲ್ಲ ಎಂದು ಅದಕ್ಕೂ ಅವರೇ ದಾರಿ ತೋರಿಸಿದರು. ಅವರಿಗೆ ಆ ದಿನವೇ ಯಾಕೆ ಬೇಕು ಎಂದು ನನಗೆ ತಿಳಿಯಲಿಲ್ಲ. ಹೊಲದ ಊಟದ ಆಸೆ ಇರಬೇಕು ಎಂದುಕೊಂಡೆ.

ಕುಂಭಾರಿಯ ಚಹಾದ ಅಂಗಡಿಯಲ್ಲಿ ತಿಳಿಯಿತು. ಉಳಿದವರು ಬಿಸಿ ಭಜಿಯ ಸುತ್ತ ನಿಂತಿದ್ದರು. ಮಹಾದೇವಕ್ಕ ನನ್ನನ್ನು ಬೆಂಚಿನ ಈ ತುದಿಗೆ ಕರೆದು, ಬಸಿಗೆ ಚಹಾ ಸುರಿದುಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು. ಅವರ ತವರು ಕುರನೂರಿನ ಆಚೆ. ಹಿನ್ನೀರಿಗೆ ಹತ್ತಿದ ಎರೆಹೊಲ. ತಂದೆ ತೀರಿಕೊಂಡ ಮೇಲೆ ಅಣ್ಣ ಗುರುಪಾದಪ್ಪ ಹಕ್ಕುಸೋಡದ ಕಾಗದ ತಂದರು. ಹೆಣ್ಣುಮಕ್ಕಳು ಹೊಲದ ಪಾಲು ಬಿಟ್ಟೆವು ಎಂದು ಸಹಿ ಹಾಕುವ ಕಾಗದವದು. ಸಹಿ ಹಾಕಿದವರಿಗೆ ವರ್ಷಕ್ಕೊಂದು ಸೀರೆ ಬರುತ್ತದೆ, ಹಬ್ಬಕ್ಕೆ ಕರೆ ಬರುತ್ತದೆ. ಮಹಾದೇವಕ್ಕ ಹಾಕಲಿಲ್ಲ. ಪಾಲು ಕೊಡು ಎಂದೂ ಕೇಳಲಿಲ್ಲ. ಅಣ್ಣ ಮಾತು ಬಿಟ್ಟರು. ಅಂದಿನಿಂದ ಮಹಾದೇವಕ್ಕ ಆ ಹೊಲಕ್ಕೆ ಕಾಲಿಟ್ಟಿಲ್ಲ.

ಹಾಗಾದರೆ ಈಗ ಪಾಲು ಕೇಳಲು ಹೋಗುತ್ತಿದ್ದೀರಾ ಎಂದೆ. ಅಲ್ಲ ಎಂದರು. ಸಹಿ ಹಾಕಲು? ಅದೂ ಅಲ್ಲ.

"ಎಳ್ಳಮಾಸಿ ದಿನ ನಮ್ಮ ಹೊಲದಾಗ ಕುಂತು ಉಣಬೇಕು, ಬಾಯಾರ. ಅಷ್ಟ. ಒಬ್ಬಾಕೀನ ಹೋಗೂ ಧೈರ್ಯ ಆಗವಲ್ತು."

ಎಳ್ಳ ಅಮಾವಾಸ್ಯೆ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಅಂದು ನಮ್ಮ ಕಡೆ ಒಕ್ಕಲು ಮನೆಗಳಿಗೆ ಬೀಗ ಬೀಳುತ್ತದೆ. ಎಲ್ಲರೂ ಹೊಲಕ್ಕೆ ಹೋಗಿ, ಜೋಳದ ದಂಟಿನ ಪುಟ್ಟ ಗುಡಿಸಲು, ಖೋಪಿ, ಕಟ್ಟಿ, ಅದರೊಳಗೆ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸುತ್ತಾರೆ. ಬೆಳೆ ನಿಂತ ಭೂಮಿ ಬಸುರಿ, ಅವಳಿಗೆ ಉಣಿಸಬೇಕು ಎಂದು ಅಡಿಗೆಯನ್ನೆಲ್ಲ ಕೂಡಿಸಿ ಕಲಸಿದ ಚರಗವನ್ನು ಹೊಲದ ಸುತ್ತ ಚೆಲ್ಲುತ್ತಾರೆ. ಆಮೇಲೆ ಊಟ. ಅಂದು ಹೊಲದ ಬದಿಗೆ ಹಾದುಹೋಗುವ ಯಾರನ್ನೂ, ಗುರುತಿರಲಿ ಬಿಡಲಿ, ಕರೆಯದೆ ಬಿಡುವಂತಿಲ್ಲ.

ಹೀಗಾಗಿ ಮಹಾದೇವಕ್ಕನ ಲೆಕ್ಕ ನನಗೆ ಪೂರ್ತಿ ಅರ್ಥವಾಯಿತು ಎಂದುಕೊಂಡೆ. ನಾವು ದಾರಿಹೋಕರು, ಅಣ್ಣ ನಮ್ಮನ್ನು ಕರೆಯಲೇಬೇಕು, ಗುಂಪಿನಲ್ಲಿ ತಂಗಿ ಇದ್ದರೆ ಅವಳನ್ನೂ ಕರೆಯಲೇಬೇಕು. ಹಾಗೆಂದು ಅವರಿಗೆ ಹೇಳಿ, ಒಳ್ಳೆಯ ಯುಕ್ತಿ ಎಂದು ಮೆಚ್ಚಿದೆ. ಅವರು ನನ್ನ ಮುಖ ನೋಡಿ ಏನೋ ಹೇಳಲು ಹೋದರು. ಅಷ್ಟರಲ್ಲಿ ಅರಿವೆ ಅಂಗಡಿಯ ಪುಷ್ಪಾ ಭಜಿಯ ತಟ್ಟೆ ಹಿಡಿದು ಬಂದು ನಡುವೆ ಕುಳಿತಳು.

ವಳಸಂಗ ದಾಟುವಾಗ ಜಿಟಿಜಿಟಿ ಹತ್ತಿತು. ನನ್ನ ಹುಟ್ಟೂರು. ಈಗ ಅಲ್ಲಿ ನಮ್ಮವರು ಯಾರೂ ಇಲ್ಲ, ಇದ್ದಾಗಲೂ ನಮಗೆ ಅಂಗೈಯಷ್ಟೂ ಹೊಲ ಇರಲಿಲ್ಲ. ಎಳ್ಳ ಅಮಾವಾಸ್ಯೆಗೆ ಅವ್ವ ನಮಗೆ ನೀರು ಎರೆದು, ತಲೆ ಬಾಚಿ, ಬಂಡಿದಾರಿಯಲ್ಲಿ ನಿಧಾನಕ್ಕೆ ನಡೆಸಿಕೊಂಡು ಹೋಗುತ್ತಿದ್ದಳು. ಎಲ್ಲಿಗೂ ಹೋಗುವ ಕೆಲಸವಿರುತ್ತಿರಲಿಲ್ಲ. ಯಾವುದೋ ಬದುವಿನಿಂದ ಬರ್ರಿ ಎಂಬ ದನಿ ಬರಲಿ ಎಂದು ನಡಿಗೆ. ಆ ದನಿ ಬಂದಾಗ ಅವ್ವ ಒಮ್ಮೆಗೇ ತಿರುಗುತ್ತಿರಲಿಲ್ಲ. ಎರಡನೆಯ ಸಲ ಕರೆದ ಮೇಲೆಯೇ ಹೋಗುತ್ತಿದ್ದೆವು. ಕರೆಸಿಕೊಳ್ಳುವುದಕ್ಕಿಂತ ದೊಡ್ಡ ಮರ್ಯಾದೆ ಇದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಈ ಪ್ರವಾಸದವರೆಗೂ ಗೊತ್ತಿರಲಿಲ್ಲ.

ಅಕ್ಕಲಕೋಟ ಮುಟ್ಟುವುದರೊಳಗೆ ಒಳಗಿನ ಅಂಗಿಯವರೆಗೆ ತೊಯ್ದಿದ್ದೆವು. ಗುಡಿಯ ಹತ್ತಿರದ ಯಾತ್ರಿಕರ ವಸತಿಯಲ್ಲಿ ಉದ್ದನೆಯ ಒಂದು ಕೋಣೆ ಸಿಕ್ಕಿತು, ತಲಾ ನೂರೈವತ್ತು. ಕೌಂಟರಿನ ಹುಡುಗಿ ಮರಾಠಿಯಲ್ಲಿ, ಕಾಕೂ, ಈ ಮಳೆಯಲ್ಲಿ ಸೈಕಲ್ ಮೇಲೆ ಬಂದದ್ದು ಹರಕೆಗೋ ಎಂದು ಕೇಳಿದಳು. ಹೌದವ್ವಾ, ಸೊಂಟ ಇಳಿದರೆ ತೀರುತ್ತದೆ ಎಂದು ಪುಷ್ಪಾ ಕನ್ನಡದಲ್ಲಿ ಉತ್ತರ ಕೊಟ್ಟಳು. ಹುಡುಗಿಗೂ ಕನ್ನಡ ಬರುತ್ತಿತ್ತು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅನ್ನಛತ್ರದಲ್ಲಿ ಬಿಸಿ ಅನ್ನ, ಆಮ್ಟಿ, ಪಲ್ಯ ಉಂಡೆವು. ಕೋಣೆಯ ಕಿಟಕಿಯ ಸರಳುಗಳಿಗೆಲ್ಲ ಒದ್ದೆ ಪಂಜಾಬಿ ಡ್ರೆಸ್ಸುಗಳು. ಮಹಾದೇವಕ್ಕ ಒಬ್ಬರೇ ಕೈಚೀಲದಿಂದ ಇಳಕಲ್ ಸೀರೆ ತೆಗೆದು ಮಡಿಕೆ ತಿದ್ದಿ ಮತ್ತೆ ಒಳಗಿಟ್ಟರು. ಅದನ್ನು ಉಟ್ಟು ಸೈಕಲ್ ಹೇಗೆ ಹೊಡೆಯುತ್ತಾರೆ ಎಂದು ನನಗೆ ಬಗೆಹರಿಯಲಿಲ್ಲ.

ಹೊಡೆದರು. ಕಚ್ಚೆ ಹಾಕಿ ಉಟ್ಟುಕೊಂಡು, ಮೇಲೆ ಹಸಿರು ರೇನ್‌ಕೋಟ್ ತೊಟ್ಟುಕೊಂಡು.

ಮರುದಿನ ಬೆಳಿಗ್ಗೆ ಊರ ಹೊರಗೆ ಬಂದರೆ ಮಂಜೋ ಮಳೆಯೋ ಹೇಳಲಾಗದಂಥದು. ಎರಡೂ ಕಡೆ ತೆನೆಗೆ ಬಂದ ಬಿಳಿಜೋಳ ಎದೆಮಟ್ಟ ನಿಂತಿತ್ತು. ತೊಗರಿಯ ಕಾಯಿ ತೊಯ್ದು ಕಪ್ಪಾಗಿತ್ತು. ನನ್ನ ಹಿಂದೆ ಸಾಲು, ಕೊನೆಗೆ ಸೀಟಿ ಹಿಡಿದ ಪ್ರೀತಿ. ಪ್ರೀತಿ ಪಾತ್ರೆ ಅಂಗಡಿಯವರ ಮಗಳು, ಎಂ.ಕಾಂ. ಓದುತ್ತಾಳೆ, ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಊರ ಕಲ್ಲುಗಳನ್ನೂ ಫೋನಿನ ನಕಾಶೆಯನ್ನೂ ಮರಾಠಿಯಲ್ಲಿ ಅವಳು ಓದಬೇಕು, ಮುಂದೆ ನಾನು ತಿರುಗಬೇಕು. ಸೀಟಿ ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ನಡೆ ಎಂದು ಒಪ್ಪಂದ ಆಗಿತ್ತು. ಗಾಳಿಯಲ್ಲಿ ಅದು ಎಷ್ಟು ಸಲ ಊದಿತು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ನಿಂತವರು ನಿಂತರು, ನಡೆದವರು ನಡೆದರು.

ಇದರ ಮೇಲೆ ಕರೆಯುವವರ ಕಾಟ. ಒಂಬತ್ತು ಹೆಂಗಸರು ಸೈಕಲ್ ಮೇಲೆ ಬರುವುದನ್ನು ಕಂಡದ್ದೇ ತಡ, ಬದುವಿನಿಂದ ಬದುವಿಗೆ ಕೂಗು ಹೋಗುತ್ತಿತ್ತು. ಮೊದಲನೆಯ ಹೊಲದವರು ದಾರಿಗೇ ಅಡ್ಡ ನಿಂತರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹತ್ತು ತರಹದ ಸೊಪ್ಪು, ಕಾಳು ಕೂಡಿಸಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ, ಗಡಿಗೆಯಲ್ಲಿ ಅಂಬಲಿ. ಎರಡನೆಯ ಹೊಲದಲ್ಲಿ ನಾವು ಈಗಷ್ಟೇ ಉಂಡೆವು ಎಂದೆವು. ಅವರ ಹೊಲದಲ್ಲಿ ಉಂಡರೆ ನಮ್ಮ ಹೊಲಕ್ಕೇನು ಬಂತು ಎಂದು ಅಲ್ಲಿನ ಮುದುಕಿ ಸಿಟ್ಟಿಗೆದ್ದಳು. ಅಲ್ಲಿಯೂ ಅಂಬಲಿ ಕುಡಿದೆವು. ಮೂರನೆಯ ಹೊಲ ಕಂಡಾಗ ತಲೆ ತಗ್ಗಿಸಿ ಜೋರಾಗಿ ತುಳಿಯಿರಿ ಎಂದೆ. ಪುಷ್ಪಾ ಹಿಂದಿನಿಂದ, ಮುಂದಾಳು ಅಂದ್ರ ಊಟ ಬಿಡಸಾಕಿ ಅನ್ನೂದು ಮೊದಲ ಹೇಳಬೇಕಿತ್ತು ಎಂದು ಗೊಣಗಿದಳು. ಮಹಾದೇವಕ್ಕ ಮಾತ್ರ ಎಲ್ಲಿಯೂ ತುತ್ತು ಮುಟ್ಟಲಿಲ್ಲ. ಹೊಲದವರು ಒತ್ತಾಯ ಮಾಡಿದರೆ, ನಮ್ಮ ಹೊಲ ಮುಂದದ ಎಂದು ಕೈಮುಗಿಯುತ್ತಿದ್ದರು.

ಕುರನೂರು ದಾಟಿದ ಮೇಲೆ ನಕಾಶೆ ಕೈಬಿಟ್ಟಿತು. ಪ್ರೀತಿಯ ಫೋನಿನಲ್ಲಿ ರಸ್ತೆ ಎಂದಿದ್ದ ಕಡೆ ಹಿನ್ನೀರು ನಿಂತಿತ್ತು. ನೀರೂ ಬೂದಿ ಬಣ್ಣ, ಆಕಾಶವೂ ಬೂದಿ ಬಣ್ಣ, ನಡುವೆ ಗೆರೆಯಿಲ್ಲ. ಒಬ್ಬ ಕುರಿ ಕಾಯುವವನು ಎಡಕ್ಕೆ ಎಂದ, ಎಮ್ಮೆ ಹೊಡೆದುಕೊಂಡು ಬಂದ ಹೆಂಗಸು ಬಲಕ್ಕೆ ಎಂದಳು. ಮಹಾದೇವಕ್ಕನನ್ನು ಕೇಳಿದೆ. ಅವರು ಸೈಕಲ್ ಇಳಿದು ನಾಲ್ಕೂ ಕಡೆ ನೋಡಿ, ಇಲ್ಲೊಂದು ಹುಣಸೆ ಗಿಡ ಇರಬೇಕಿತ್ತಲ್ಲ ಎಂದರು. ಗಿಡ ಎಲ್ಲಿಯೂ ಕಾಣಲಿಲ್ಲ. ಹುಟ್ಟಿ ಬೆಳೆದ ಊರಿನ ದಾರಿ ತಪ್ಪಿದ ಹೆಂಗಸಿನ ಮುಖ ನೋಡುವುದು ಕಷ್ಟ. ನಾನು ಹಿನ್ನೀರಿನ ಕಡೆ ನೋಡಿದೆ.

ಕೊನೆಗೆ ಬಂಡಿದಾರಿ ಹಿಡಿದೆವು. ಎರೆಮಣ್ಣು ತೊಯ್ದರೆ ಏನಾಗುತ್ತದೆ ಎಂದು ಗೊತ್ತಿದ್ದೂ ಹಿಡಿದೆವು. ಗಾಲಿ ನಾಲ್ಕು ಸುತ್ತು ತಿರುಗುವುದರೊಳಗೆ ಮಡ್‌ಗಾರ್ಡ್ ತುಂಬಿ ಬಿಗಿಯಿತು. ತೊಗರಿಯ ಕಟ್ಟಿಗೆ ಮುರಿದು ಮಣ್ಣು ಕೆದರುವುದು, ಹತ್ತು ಮಾರು ತಳ್ಳುವುದು, ಮತ್ತೆ ಕೆದರುವುದು. ಪ್ರೀತಿಯ ಗೇರಿನ ಸೈಕಲ್ಲು ಎಲ್ಲಕ್ಕಿಂತ ಮೊದಲು ಮಲಗಿತು. ಪುಷ್ಪಾ ಚಪ್ಪಲಿ ಹುಡುಕಲು ಮೊಣಕೈಯವರೆಗೆ ಕೆಸರಿನಲ್ಲಿ ಕೈ ಹಾಕಿದಳು. ನನಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯುತ್ತಿರಲಿಲ್ಲ. ಇವರೆಲ್ಲರನ್ನೂ ಸಂಜೆಯೊಳಗೆ ಮನೆ ಮುಟ್ಟಿಸುತ್ತೇನೆ ಎಂದು ಎಂಟು ಮನೆಗಳಲ್ಲಿ ಮಾತು ಕೊಟ್ಟು ಬಂದಿದ್ದೆ.

ಒಂದು ತಿರುವಿನಲ್ಲಿ ಮಹಾದೇವಕ್ಕ ನಿಂತರು. ಕೈಯಿಂದ ಸೈಕಲ್ ಜಾರಿ ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ. ಜೋಳದ ಆಚೆ ಬನ್ನಿ ಗಿಡ, ಗಿಡದ ಕೆಳಗೆ ಖೋಪಿ, ಹಾಸಿದ ನೀಲಿ ಪ್ಲಾಸ್ಟಿಕ್ ತಾಡಪತ್ರಿ, ಹೊಗೆ. ಏಳೆಂಟು ಜನ. ಬಿಳಿ ರುಮಾಲಿನ ಎತ್ತರದ ಮನುಷ್ಯ ಬುಟ್ಟಿಯಲ್ಲಿ ಚರಗ ಕಲಸುತ್ತಿದ್ದರು. ಮಳೆಯಿಂದ ಅವರ ಪೂಜೆ ತಡವಾಗಿತ್ತು ಎಂದು ಕಾಣುತ್ತದೆ. ಅವರೇ ಅಣ್ಣ ಎಂದು ಯಾರೂ ಹೇಳುವ ಅಗತ್ಯವಿರಲಿಲ್ಲ, ಮೂಗು ಇಬ್ಬರದೂ ಒಂದೇ.

ಮಹಾದೇವಕ್ಕ ರೇನ್‌ಕೋಟ್ ಬಿಚ್ಚಿ ಸೀರೆ ಸರಿಮಾಡಿಕೊಳ್ಳತೊಡಗಿದರು. ಆ ಹೊತ್ತಿನಲ್ಲಿ ನಾನು ಮುಂದಾಳಾಗಿ ಮಾಡಬೇಕಾದದ್ದನ್ನು ಮಾಡಿಬಿಡೋಣ ಎಂದುಕೊಂಡೆ. ಅಣ್ಣ ಕರೆಯದೇ ಹೋದರೆ ಎಂಬ ಹೆದರಿಕೆ ನನಗಿತ್ತು. ಸೈಕಲ್ಲನ್ನು ಪ್ರೀತಿಯ ಕೈಗೆ ಕೊಟ್ಟು, ಬದುವಿನ ಮೇಲೆ ಒಬ್ಬಳೇ ನಡೆದು ಹೋಗಿ ಗುರುಪಾದಪ್ಪನವರಿಗೆ ಕೈಮುಗಿದೆ. ನಾವು ಯಾರು, ಎಲ್ಲಿಂದ ಬಂದೆವು ಎಂದು ಹೇಳಿದೆ. ಆಮೇಲೆ ಹೇಳಿದೆ:

"ನಿಮ್ಮ ತಂಗಿ ಮಾದೇವಕ್ಕ ಬಂದಾರ್ರಿ. ನೀವು ಒಂದ ಮಾತ ಕರದ್ರ ಒಳಗ ಬರತಾರ."

ಅವರು ಬುಟ್ಟಿಯಿಂದ ಕೈ ತೆಗೆಯಲಿಲ್ಲ. ದಾರಿಯ ಕಡೆ ಒಮ್ಮೆ ನೋಡಿದರು. ಖೋಪಿಯ ಹತ್ತಿರ ಕುಳಿತ ಅವರ ಹೆಂಡತಿ ಸುವರ್ಣಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ಅದು ಸಂತೋಷವೋ ಗಾಬರಿಯೋ ನನಗೆ ಗೊತ್ತಾಗಲಿಲ್ಲ. ಗುರುಪಾದಪ್ಪ, ಇವತ್ತು ದಾರಿಯಲ್ಲಿ ಹೋಗುವವರನ್ನು ಕರೆಯದೆ ಬಿಡುವ ಪದ್ಧತಿ ನಮ್ಮ ಹೊಲದಲ್ಲಿಲ್ಲ ಎಂದರು. ಎದ್ದು, ಕೈ ತೊಳೆದು, ಬದುವಿನ ತುದಿಗೆ ಬಂದು ನಿಂತು, ಎಲ್ಲರಿಗೂ ಕೇಳುವಂತೆ ಕರೆದರು.

"ಬರ್ರಿ, ಎಲ್ಲಾರೂ ಬರ್ರಿ. ಪ್ರಸಾದ ತಗೊಂಡ ಮುಂದ ಹೋಗ್ರಿ."

ಗುಂಪು ಕೆಸರು ಕೊಡವುತ್ತ ಬಂತು. ಮಹಾದೇವಕ್ಕ ಬರಲಿಲ್ಲ. ಅವ್ವನಂತೆ ಎರಡನೆಯ ಕರೆಗೆ ಕಾಯುತ್ತಿರಬೇಕು ಎಂದುಕೊಂಡು ನಾನೇ ಓಡುತ್ತ ಹೋಗಿ, ಅಕ್ಕ, ಕರೆದರಲ್ಲ, ಬನ್ನಿ ಎಂದೆ. ಗೆದ್ದ ಹುರುಪಿನಲ್ಲಿದ್ದೆ. ಅವರ ಮುಖ ನೋಡಿದಾಗ ಹುರುಪು ಅಲ್ಲೇ ನಿಂತಿತು.

"ಕರಸ್ರಿ ಅಂತ ನಿಮಗ ಯಾರ ಹೇಳಿದ್ರು?" ಎಂದರು. ದನಿ ಏರಿಸಲಿಲ್ಲ. "ದಾರಿಹೋಕರನ್ನ ಕರೀತಾರ ಬಾಯಾರ. ಮನಿ ಮಗಳು ಕರೀದ ಹೋಗತಾಳ. ನಾ ಸೀದಾ ಒಳಗ ಹೋಗಾಕಿದ್ದೆ. ಹೋದಮ್ಯಾಲ ಹೊರಗ ಹಾಕತಾನೋ ಸುಮ್ಮ ಕೂಡತಾನೋ, ಅದನ್ನ ನೋಡಾಕ ಬಂದಾಕಿ ನಾ. ಈಗ ಹೋದ್ರ ನಿಮ್ಮ ಜೋಡಿ ಬಂದ ಪರದೇಸಿ ಆದೆ. ಹೋಗಲಿಲ್ಲಂದ್ರ, ಕರದ್ರೂ ಬರಲಿಲ್ಲ ಅಂತಾನ."

ಕರೆ ಎಂದರೆ ಮರ್ಯಾದೆ ಎಂದು ತಿಳಿದು ಬೆಳೆದವಳು ನಾನು. ಹೊಲ ಇದ್ದವರ ಮನೆ ಮಗಳಿಗೆ ಕರೆ ಎಂದರೆ ಹೊರಗೆ ಇಟ್ಟಂತೆ ಎಂದು ನನಗೆ ಯಾರು ಹೇಳಬೇಕಿತ್ತು? ಅವರು ಕುಂಭಾರಿಯಲ್ಲಿ ಹೇಳಲು ಹೋದದ್ದು ಇದನ್ನೇ ಇರಬೇಕು. ಕೊಟ್ಟ ಕರೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಹೋಗಿ ಕೇಳಲೇ? ಹಾಗೆ ಕೇಳುವ ರೂಢಿ ಲೋಕದಲ್ಲಿ ಎಲ್ಲಾದರೂ ಇದೆಯೇ? ತಪ್ಪಾಯಿತು ಅಕ್ಕ ಎಂದೆ. ಅವರು ನನ್ನ ಕಡೆ ನೋಡಲಿಲ್ಲ, ಹೊಲದ ಕಡೆ ನೋಡುತ್ತಿದ್ದರು.

ಹಿಂದಕ್ಕೆ ಬಂದು ತಾಡಪತ್ರಿಯ ಮೇಲೆ ಕುಳಿತೆ. ಚರಗ ಚೆಲ್ಲುವವರೆಗೆ ಯಾರೂ ಉಣ್ಣುವಂತಿರಲಿಲ್ಲ. ಚೆಲ್ಲಿದ ಮೇಲೂ ಉಣ್ಣಬೇಕೋ ಬೇಡವೋ ನಮಗೆ ತಿಳಿಯಲಿಲ್ಲ. ಪ್ರೀತಿ ಮರಾಠಿಯಲ್ಲಿ, ಇಷ್ಟು ಮರ್ಯಾದೆಯಿಂದ ಕರೆದರೂ ಆಂಟಿಗೆ ಸಿಟ್ಟೇಕೆ ಎಂದು ಪಿಸುಗುಟ್ಟಿದಳು. ಪುಷ್ಪಾ, ನಿನಗೂ ಒಬ್ಬ ತಮ್ಮನಿದ್ದಾನಲ್ಲ, ಅವನ ಮದುವೆ ಆಗಲಿ, ತಿಳಿಯುತ್ತದೆ ಎಂದಳು. ಅವಳ ದನಿಯಲ್ಲಿ ಚೇಷ್ಟೆ ಇರಲಿಲ್ಲ. ಅವಳೂ ಯಾವುದೋ ಕಾಗದಕ್ಕೆ ಸಹಿ ಹಾಕಿದವಳೇ ಎಂದು ನನಗೆ ಆಗ ಹೊಳೆಯಿತು. ಕೇಳಲಿಲ್ಲ.

ಗುರುಪಾದಪ್ಪ ಬುಟ್ಟಿ ಹಿಡಿದು ಹೊರಟರು, ಹಿಂದೆ ನೀರಿನ ತಂಬಿಗೆ ಹಿಡಿದು ಬೆಳೆದ ಮಗ. ಮುಂದಿನವರು "ಹುಲ್ಲುಲ್ಲಿಗ್ಯೋ" ಎಂದು ಕೂಗಿ ಚರಗ ಎರಚಬೇಕು, ಹಿಂದಿನವರು "ಚಳ್ಳಂಬ್ರಿಗ್ಯೋ" ಎಂದು ನೀರು ಚಿಮುಕಿಸಬೇಕು. ಆ ಮಾತುಗಳ ಅರ್ಥ ಬಿ.ಎ. ಮಾಡಿದ ನನಗೂ ಗೊತ್ತಿಲ್ಲ, ಹೊಲದವರಿಗೂ ಗೊತ್ತಿಲ್ಲ. ಇಬ್ಬರ ದನಿಯೂ ಜೋಳದೊಳಗೆ ದೂರ ದೂರ ಹೋಯಿತು. ಆಗ ಮಳೆ ಬಿತ್ತು. ಅಷ್ಟು ದಿನದ ಜಿನುಗು ಅಲ್ಲ, ಹನಿ ಹನಿ ಎಣಿಸಲಾಗದ ಮಳೆ, ಜೊತೆಗೆ ಗಾಳಿ. ತಾಡಪತ್ರಿಯನ್ನು ತಲೆಯ ಮೇಲೆ ಎತ್ತಿ ಹಿಡಿಯಿರಿ ಎಂದು ನಾನು ಕೂಗಿದೆ. ನಾಲ್ಕು ಮೂಲೆಗೆ ನಾಲ್ವರು ನಿಂತೆವು. ಖೋಪಿಯ ಕಡೆ ಯಾರ ಲಕ್ಷ್ಯವೂ ಇರಲಿಲ್ಲ.

ಸುವರ್ಣಾಬಾಯಿ ಒಬ್ಬರೇ ಅದಕ್ಕೆ ಜೋತುಬಿದ್ದಿದ್ದರು. ತೊಯ್ದ ದಂಟು ಭಾರವಾಗಿ ಖೋಪಿ ಒಂದು ಮಗ್ಗುಲಿಗೆ ವಾಲುತ್ತಿತ್ತು. ಒಳಗೆ ಐದು ಕಲ್ಲು, ಉರಿಯುವ ದೀಪ, ಅಂಬಲಿಯ ಗಡಿಗೆ. ಎಳ್ಳ ಅ‌ಮಾವಾಸ್ಯೆಯ ದಿನ ಖೋಪಿ ಬಿದ್ದರೆ ಆ ಮನೆಯವರು ವರ್ಷವೆಲ್ಲ ಮನಸ್ಸಿನಲ್ಲಿ ಅದನ್ನೇ ಇಟ್ಟುಕೊಳ್ಳುತ್ತಾರೆ. ನಾನು ಮೂಲೆ ಬಿಟ್ಟು ಹೋಗಬೇಕು ಎನ್ನುವಷ್ಟರಲ್ಲಿ ದಾರಿಯ ಕಡೆಯಿಂದ ಜೋಳ ಸೀಳಿಕೊಂಡು ಯಾರೋ ಬಂದರು. ಬದುವಿನ ಮೇಲಿಂದಲ್ಲ, ಬೆಳೆಯ ನಡುವಿನಿಂದ ನೆಟ್ಟಗೆ.

ಮಹಾದೇವಕ್ಕ ಬಂದವರೇ ಬೆನ್ನು ಕೊಟ್ಟು ಖೋಪಿಯನ್ನು ನಿಲ್ಲಿಸಿದರು. ಅಣ್ಣನ ಹೆಂಡತಿಗೆ, ವೈನಿ, ಅತ್ತ ಹಿಡಿ ಎಂದರು. ಬಗ್ಗಿ, ನಿಂತ ಬೆಳೆಯಿಂದ ಎರಡು ಹಸಿ ದಂಟು ಬುಡಸಮೇತ ಕಿತ್ತು, ಹಲ್ಲಿನಿಂದ ಎಲೆ ಸೀಳಿ, ಹುರಿ ಹೊಸೆದು, ಮೂಲೆ ಕಟ್ಟಿದರು. ತೆನೆ ಬಂದ ದಂಟನ್ನು ಪರರ ಹೊಲದಲ್ಲಿ ಯಾರೂ ಹಾಗೆ ಕೇಳದೆ ಕೀಳುವುದಿಲ್ಲ. ಸೆರಗು ಅಡ್ಡ ಹಿಡಿದು ದೀಪ ಕಾದರು. ಇಳಕಲ್ ಸೀರೆಗೆ ಸೊಂಟದವರೆಗೆ ಕರಿಮಣ್ಣು. ಇಬ್ಬರು ಹೆಂಗಸರೂ ಖೋಪಿಯ ಆಚೆ ಈಚೆ ಕುಳಿತು, ಒಬ್ಬರನ್ನೊಬ್ಬರು ನೋಡದೆ, ಮಳೆ ತಗ್ಗುವವರೆಗೆ ಅದನ್ನು ಹಿಡಿದೇ ಇದ್ದರು.

ಸುತ್ತು ಮುಗಿಸಿ ಗುರುಪಾದಪ್ಪ ಬಂದಾಗ ಮಳೆ ಹನಿಯುತ್ತಿತ್ತು. ಖಾಲಿ ಬುಟ್ಟಿ ಕೆಳಗಿಟ್ಟರು. ತಂಗಿಯನ್ನು ನೋಡಿದರು. ಹೊಸ ಹುರಿ ನೋಡಿದರು. ಬೆಳೆಯಲ್ಲಿ ದಂಟು ಕಿತ್ತ ತೆರಪನ್ನೂ ನೋಡಿದರು. ಅವರು ರುಮಾಲು ಬಿಚ್ಚಿ ಹಿಂಡಿ ಮತ್ತೆ ಸುತ್ತಿಕೊಂಡು, ಯಾರಿಗೆ ಎಂದು ಹೇಳದೆ, ಮಂದಿ ಹಸಿದಾರ, ಬಡಸ್ರಿ ಎಂದರು.

ಸುವರ್ಣಾಬಾಯಿ ಎದ್ದರು. ಮಹಾದೇವಕ್ಕನೂ ಎದ್ದು, ಕೈ ತೊಳೆದು, ಭಜ್ಜಿಯ ಬೋಗುಣಿ ಎತ್ತಿಕೊಂಡರು. ನಮಗೆ ಬಡಿಸುತ್ತ ಬಂದರು. ನನ್ನ ತಟ್ಟೆಗೆ ಬಂದಾಗ, ನೀವು ಕರಸಿಕೊಂಡ ಬಂದವ್ರು, ಚಲೋತ್ನಾಗಿ ಉಣ್ರಿ ಎಂದರು. ಕುಟುಕಿದರೋ ಕ್ಷಮಿಸಿದರೋ ಇವತ್ತಿಗೂ ನನಗೆ ಖಾತ್ರಿಯಿಲ್ಲ. ಸಾಲಿನ ಕೊನೆಗೆ ಅಣ್ಣ ಕುಳಿತಿದ್ದರು. ಅವರ ತಟ್ಟೆಯ ಮುಂದೆ ಸೌಟು ಒಂದು ಗಳಿಗೆ ನಿಂತಿತು. ಬೇಡದವರು ತಟ್ಟೆಗೆ ಅಂಗೈ ಅಡ್ಡ ಹಿಡಿಯುತ್ತಾರೆ. ಗುರುಪಾದಪ್ಪನವರ ಕೈ ತೊಡೆಯ ಮೇಲೇ ಇತ್ತು. ತಂಗಿ ಬಡಿಸಿದರು, ಅಣ್ಣ ಉಂಡರು. ನಮ್ಮೆಲ್ಲರ ಊಟ ಆದ ಮೇಲೆ, ಮನೆಯ ಹೆಂಗಸರು ಕೊನೆಗೆ ಕೂಡುವ ಪಂಕ್ತಿಯಲ್ಲಿ, ಮಹಾದೇವಕ್ಕ ಕುಳಿತರು. ಅತಿಥಿಗಳ ಪಂಕ್ತಿ ಮುಗಿಯಲಿ ಎಂದೇ ಕಾದಿದ್ದರು ಎಂದು ನನಗೆ ಅವರು ರೊಟ್ಟಿ ಮುರಿದ ಮೇಲೆ ತಿಳಿಯಿತು.

ಕಾಗದದ ಮಾತು ಅಲ್ಲಿ ಯಾರೂ ಎತ್ತಲಿಲ್ಲ.

ಹೊರಡುವಾಗ ಸುವರ್ಣಾಬಾಯಿ ಎಲ್ಲರಿಗೂ ಕುಂಕುಮ ಹಚ್ಚಿ, ಶೇಂಗಾ ಹೋಳಿಗೆ ಕಟ್ಟಿಕೊಟ್ಟರು. ನಾವು ಸೈಕಲ್ ತಳ್ಳುತ್ತ ದಾರಿಗೆ ಇಳಿದಾಗ ಗುರುಪಾದಪ್ಪ ಬದುವಿನ ಮೇಲೆ ನಿಂತಿದ್ದರು. ತಂಗಿಯ ಮುಖ ನೋಡದೆ, ಹಿನ್ನೀರಿನ ಕಡೆ ತಿರುಗಿಕೊಂಡು ಹೇಳಿದರು:

"ಇಷ್ಟ ಮಂದೀನ ಕಟಗೊಂಡ ಬರಬ್ಯಾಡ."

ಅಷ್ಟೇ. ಖೋಪಿಯ ಕಡೆ ನಡೆದುಬಿಟ್ಟರು.

ಡಾಂಬರು ಸಿಗುವವರೆಗೆ ಮತ್ತೆ ಕೆದರುವುದು, ತಳ್ಳುವುದು. ಬೋರಾಮಣಿಯ ಹೊರಗಿನ ಹುಲ್ಲುಗಾವಲು ಬಂದಾಗ ಮೋಡ ಪಡುವಣದಲ್ಲಿ ಒಂದು ಬೆರಳಷ್ಟು ಹರಿದು, ಒಣಗಿದ ಹುಲ್ಲಿನ ಮೇಲೆ ಹಳದಿ ಬೆಳಕು ಬಿತ್ತು. ಹೆದ್ದಾರಿಯ ಧಾಬಾದಲ್ಲಿ ಚಹಾ ಹೇಳಿ ಕುಳಿತೆವು. ಮನೆಗಳಿಗೆ ಫೋನ್ ಮಾಡಿ, ಹೊತ್ತು ಮುಳುಗಿದ ಮೇಲೆ ಬರುತ್ತೇವೆ, ಎಲ್ಲರೂ ಸುಖವಾಗಿದ್ದೇವೆ ಎಂದು ಹೇಳಿದೆ. ಒಂದೆರಡು ಮನೆಯವರು ನನ್ನನ್ನು ಬೈದರು, ಬೈಸಿಕೊಂಡೆ.

ಆಮೇಲೆ ಪಂಚಾಯ್ತಿ ಶುರುವಾಯಿತು. ಪ್ರೀತಿ, ಬರಬೇಡ ಎಂದು ಮುಖದ ಮೇಲೆಯೇ ಹೇಳಿದರಲ್ಲ, ಇದೇನು ಮನುಷ್ಯತ್ವ ಎಂದು ಹಾರಾಡಿದಳು. ಪುಷ್ಪಾ, ಬರಬೇಡ ಎಂದಿಲ್ಲ ಹುಚ್ಚಿ, ಇಷ್ಟು ಮಂದಿಯನ್ನು ಕಟ್ಟಿಕೊಂಡು ಬರಬೇಡ ಎಂದರು, ಅಂದರೆ ಒಬ್ಬಳೇ ಬಾ ಎಂದರ್ಥ ಎಂದಳು. ಹೊಲದ ಊಟ ಖರ್ಚಾಯಿತೆಂದು ಅಂದಿರಬಹುದು ಎಂದು ಇನ್ನೊಬ್ಬರು ಎಂದರು. ನನ್ನ ಅಭಿಪ್ರಾಯ ಕೇಳಿದರು. ನನಗೆ ಆ ದಿನ ಒಂದು ಅರ್ಥ ಮಾಡಿಯೇ ಸಾಕಾಗಿತ್ತು, ಇನ್ನೊಂದು ಚಹಾ ಹೇಳಿದೆ.

ಮಹಾದೇವಕ್ಕ ಸೀರೆಯ ಅಂಚಿನ ಒಣಮಣ್ಣನ್ನು ಉಗುರಿನಿಂದ ಬಿಡಿಸುತ್ತ ಕುಳಿತಿದ್ದರು. ಅಕ್ಕ, ನಿಮಗೇನು ತಿಳಿಯಿತು ಎಂದು ಕೇಳಿದೆ. ಅವರು ಬಸಿ ಎತ್ತಿ ಚಹಾ ಮುಗಿಸಿ, ಬಾಯಿ ಒರೆಸಿಕೊಂಡರು.

"ನನಗೂ ತಿಳೀಲಿಲ್ಲ. ಬರೂ ವರ್ಷ ಒಬ್ಬಾಕೀನ ಹೋಗಿ ಕೇಳತೀನಿ."

ಎದ್ದು ಸೈಕಲ್ ಹತ್ತಿದರು. ಸೊಲ್ಲಾಪುರದವರೆಗೆ ಮುಂದೆ ಅವರೇ ಇದ್ದರು. ನಾನು ಹಿಂದೆ ಹೋದೆ.